ವಿಮಾನವೇರುವ ಮುನ್ನ ಒಂದು ಆತ್ಮಶೋಧನೆ



ಪರೀಕ್ಷೆ ಎಂದ ಮೇಲೆ ಪ್ರತಿಯೊಂದು ಪ್ರಶ್ನೆಗೂ ಒಂದು ಸರಿಯುತ್ತರ ಇರಲೇಬೇಕು ಎಂದು ಶಾಲೆಯ ದಿನಗಳಿಂದ ನಾವು ನಂಬಿಕೊಂಡು ಬಂದಿದ್ದೇವೆ. ಆದರೆ ಒಂದೇ ಒಂದು ಸರಿಯುತ್ತರವೂ ಇಲ್ಲದ ಪರೀಕ್ಷೆಯೊಂದಿದೆ. ವಿಮಾನ ಹಾರಿಸಲು ಕಲಿಯುವವರಿಗಾಗಿ ಅಮೆರಿಕದಲ್ಲಿ ಸಿದ್ಧಪಡಿಸಿದ ಪರೀಕ್ಷೆ ಅದು. ಅದರಲ್ಲಿ ಹತ್ತು ಸನ್ನಿವೇಶಗಳು. ಪ್ರತಿಯೊಂದರಲ್ಲೂ ಪೈಲಟ್ ಅಪಾಯದ ನಿರ್ಧಾರವೊಂದನ್ನು ಆಗಲೇ ಮಾಡಿಯಾಗಿದೆ. ಅದು ಸರಿಯೋ ತಪ್ಪೋ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. 'ಹೀಗೇಕೆ ಮಾಡಿದೆ?' ಎಂಬುದಷ್ಟೇ ಪ್ರಶ್ನೆ. ಅದರ ಕೆಳಗೆ ಐದು ಕಾರಣಗಳಿರುತ್ತವೆ. ನಿಜ ಹೇಳಬೇಕೆಂದರೆ ಐದೂ ನೆಪಗಳೇ. ನಿನ್ನ ಮನಸ್ಸಿಗೆ ಅತಿ ಹತ್ತಿರವಾದದ್ದು ಯಾವುದು, ಅತಿ ದೂರವಾದದ್ದು ಯಾವುದು ಎಂದು 1ರಿಂದ 5ರವರೆಗೆ ಅಂಕೆ ಹಾಕಬೇಕು.

ಆ ಪರೀಕ್ಷೆಯ ಪ್ರಶ್ನೆಗಳನ್ನೇ ಇಲ್ಲಿ ಕೊಡುವುದು ಬೇಡ. ಅದೇ ಧಾಟಿಯಲ್ಲಿ ಒಂದನ್ನು ಕಟ್ಟಿ ಹೇಳುತ್ತೇನೆ. ಪುಟ್ಟ ವಿಮಾನವೊಂದರಲ್ಲಿ ಇಬ್ಬರು ಗೆಳೆಯರನ್ನು ಕೂರಿಸಿಕೊಂಡು ನೀವು ಹೊರಟಿದ್ದೀರಿ. ಸಂಜೆಯಾಗುತ್ತಿದೆ. ಇಂಧನದ ಮುಳ್ಳು ನೀವು ಎಣಿಸಿದ್ದಕ್ಕಿಂತ ಕೆಳಗೆ ಬಂದಿದೆ. ಎಡಗಡೆಗೆ ಹತ್ತು ನಿಮಿಷದ ದೂರದಲ್ಲಿ ಇಂಧನ ಸಿಗುವ ಸಣ್ಣ ನಿಲ್ದಾಣವಿದೆ. ನೀವು ಅಲ್ಲಿ ಇಳಿಯದೆ ಮುಂದಕ್ಕೇ ಹೋದಿರಿ. ಏಕೆ?

'ಇಷ್ಟು ಇಂಧನ ಉಳಿಸಿಕೊಂಡಿರಲೇಬೇಕು ಎಂದು ನಿಯಮ ಮಾಡಿದವರು ಕಚೇರಿಯಲ್ಲಿ ಕುಳಿತವರು, ಅವರಿಗೇನು ಗೊತ್ತು?' ಇದು ಮೊದಲನೆಯ ಕಾರಣ. 'ಯೋಚಿಸುತ್ತ ಕೂರಲು ಹೊತ್ತೆಲ್ಲಿತ್ತು? ಹೋಗಿಬಿಡೋಣ ಅನ್ನಿಸಿತು, ಹೋದೆ.' ಇದು ಎರಡನೆಯದು. 'ಇಂಧನ ಮುಗಿದು ಬೀಳುವವರು ಬೇರೆಯವರು. ನನಗೆ ಇಷ್ಟು ವರ್ಷಗಳಲ್ಲಿ ಹಾಗಾಗಿಲ್ಲ.' ಇದು ಮೂರನೆಯದು. 'ಇಂತಹ ಹೊತ್ತಿನಲ್ಲೂ ಮನೆ ಮುಟ್ಟಿಸಬಲ್ಲೆ ಎಂದು ಹಿಂದೆ ಕುಳಿತವರಿಗೆ ತೋರಿಸಬೇಕಿತ್ತು.' ನಾಲ್ಕನೆಯದು. 'ಆಗುವುದು ಆಗಿಯೇ ತೀರುತ್ತದೆ, ನಾನು ಇಳಿದರೂ ಅಷ್ಟೇ ಬಿಟ್ಟರೂ ಅಷ್ಟೇ. ಗೆಳೆಯರೂ ಹೋಗೋಣ ಅಂದರು.' ಇದು ಐದನೆಯದು.

ಅಂಕೆ ಹಾಕಿ ನೋಡಿ. 'ಇವು ಯಾವುವೂ ನನಗೆ ಸಲ್ಲುವುದಿಲ್ಲ' ಎಂದು ಖಾಲಿ ಬಿಡುವಂತಿಲ್ಲ. ಆ ಪರೀಕ್ಷೆಯ ಜಾಣತನವಿರುವುದೇ ಅಲ್ಲಿ.

1991ರ ಡಿಸೆಂಬರಿನಲ್ಲಿ ಅಮೆರಿಕದ ಫೆಡರಲ್ ವಿಮಾನಯಾನ ಆಡಳಿತವು ಪೈಲಟ್‌ಗಳು ನಿರ್ಧಾರ ಮಾಡುವ ಬಗೆಯನ್ನು ಕುರಿತು ಒಂದು ಸಲಹಾ ಪತ್ರ ಹೊರಡಿಸಿತು. ಆ ಪರೀಕ್ಷೆ ಅದರಲ್ಲಿದೆ. ಮೇಲಿನ ಐದು ಬಗೆಯ ಮನಸ್ಸಿಗೆ ಅದು ಅಪಾಯಕಾರಿ ಮನೋಭಾವಗಳೆಂದು ಹೆಸರಿಟ್ಟಿತು: ನಿಯಮವನ್ನೂ ಅಧಿಕಾರವನ್ನೂ ಧಿಕ್ಕರಿಸುವುದು, ದುಡುಕು, ನನಗೇನೂ ಆಗದೆಂಬ ಭ್ರಮೆ, ಮಾಡಿ ತೋರಿಸುತ್ತೇನೆಂಬ ಜಂಭ, ಮತ್ತು ಕೈಚೆಲ್ಲಿ ಕೂರುವುದು. ಪ್ರತಿಯೊಂದಕ್ಕೂ ಒಂದು ಮದ್ದನ್ನೂ ಹೇಳಿತು. ಮದ್ದು ಎಂದರೆ ಒಂದು ಸಣ್ಣ ವಾಕ್ಯ, ಬಾಯಿಪಾಠ ಮಾಡಿಕೊಂಡು ಆ ಕ್ಷಣದಲ್ಲಿ ತನಗೆ ತಾನೇ ಹೇಳಿಕೊಳ್ಳಬೇಕಾದದ್ದು. ನಿಯಮ ಸಾಮಾನ್ಯವಾಗಿ ಸರಿಯೇ ಇರುತ್ತದೆ, ಪಾಲಿಸು ಎನ್ನುವುದು ಒಂದು. ಅವಸರ ಬೇಡ, ಮೊದಲು ಯೋಚಿಸು ಎನ್ನುವುದು ಇನ್ನೊಂದು. ನನಗೂ ಹಾಗಾಗಬಹುದು, ಅಪಾಯದ ಜೊತೆ ಜೂಜಾಡುವುದು ಮೂರ್ಖತನ, ನಾನು ಅಸಹಾಯಕನಲ್ಲ, ನನ್ನಿಂದ ಏನಾದರೂ ಆಗುತ್ತದೆ ಎನ್ನುವವು ಉಳಿದ ಮೂರು. ಹಳ್ಳಿಯ ಅಜ್ಜಿಯರು ಜಪಸರ ಹಿಡಿದು ಹೇಳುವ ಪುಟ್ಟ ಪ್ರಾರ್ಥನೆಗಳು ನೆನಪಾಗುವುದಿಲ್ಲವೇ? ಕಷ್ಟದ ಹೊತ್ತಿನಲ್ಲಿ ಉದ್ದದ ಪ್ರಾರ್ಥನೆ ಯಾರಿಗೂ ನೆನಪಿಗೆ ಬರುವುದಿಲ್ಲ.

ಇದೆಲ್ಲ ಸುಮ್ಮನೆ ಹುಟ್ಟಿದ್ದಲ್ಲ. ಹಿಂದೆ ವಿಮಾನಯಾನದಲ್ಲಿ ಒಂದು ನಂಬಿಕೆಯಿತ್ತು. ಕೈಚಳಕವನ್ನು ಕಲಿಸಬಹುದು, ವಿವೇಚನೆಯನ್ನು ಕಲಿಸಲಾಗದು; ಅದು ಹಾರಾಟದ ಗಂಟೆಗಳು ಹೆಚ್ಚಿದಂತೆ ತಾನಾಗಿ ಬರುತ್ತದೆ ಎಂದು. 1977ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಅಪಘಾತಗಳ ದಾಖಲೆಗಳನ್ನು ತೆಗೆದು ನೋಡಿದರು. ಪೈಲಟ್‌ಗಳ ತಪ್ಪಿನಿಂದಾದ ಸಣ್ಣ ವಿಮಾನಗಳ ಮಾರಣಾಂತಿಕ ಅಪಘಾತಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕೈ ತಪ್ಪಿ ಆದವುಗಳಲ್ಲ, ನಿರ್ಧಾರ ತಪ್ಪಿ ಆದವು ಎಂದು ಕಂಡುಬಂತು. ಆಮೇಲೆ ವಿವೇಚನೆಯನ್ನೇ ಪಾಠ ಮಾಡಿ ನೋಡಿದರು. ಬೇರೆ ಬೇರೆ ಕಡೆ ನಡೆದ ಪ್ರಯೋಗಗಳಲ್ಲಿ ಆ ಪಾಠ ಕಲಿತವರು ಕಲಿಯದವರಿಗಿಂತ ನೂರಕ್ಕೆ 10ರಿಂದ 50ರಷ್ಟು ಕಡಿಮೆ ತಪ್ಪು ನಿರ್ಧಾರ ಮಾಡಿದರು. ವ್ಯಕ್ತಿಯ ಸ್ವಭಾವ ಎಳೆತನದಲ್ಲೇ ಗಟ್ಟಿಯಾಗಿಬಿಡುತ್ತದೆ, ಆದರೆ ಮನೋಭಾವವನ್ನು ತಿದ್ದಬಹುದು ಎಂಬುದೇ ಈ ಪಾಠದ ಬುನಾದಿ. 'ನಾನು ಹುಟ್ಟಿದ್ದೇ ಹೀಗೆ, ಏನು ಮಾಡಲಿ?' ಎನ್ನುವ ನಮ್ಮ ಮನೆಗಳ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೇ?

ಇದೇ ವಿಶ್ವವಿದ್ಯಾಲಯದ ಇನ್ನೊಂದು ಹಳೆಯ ಪ್ರಯೋಗವನ್ನೂ ಹೇಳಬೇಕು. ಅದು ನಡೆದದ್ದು 1954ರಲ್ಲಿ. ಮೋಡದೊಳಗೆ ಹಾರುವ ತರಬೇತಿ ಇಲ್ಲದ 20 ಮಂದಿಯನ್ನು, ಹೊರಗಿನದೇನೂ ಕಾಣದಂತೆ ಮಾಡಿ, ಕೇವಲ ಉಪಕರಣಗಳನ್ನು ನೋಡಿ ಹಾರಿಸಲು ಬಿಟ್ಟರು. ಪಕ್ಕದಲ್ಲಿ ಶಿಕ್ಷಕರಿದ್ದರು, ಆದ್ದರಿಂದ ಯಾರಿಗೂ ಹಾನಿಯಾಗಲಿಲ್ಲ. ಆದರೆ 20 ಮಂದಿಯೂ ವಿಮಾನದ ಹತೋಟಿ ಕಳೆದುಕೊಂಡರು. ಸರಾಸರಿ ಲೆಕ್ಕದಲ್ಲಿ ಅದಕ್ಕೆ ಹಿಡಿದ ಕಾಲ 178 ಸೆಕೆಂಡು. ಮೂರು ನಿಮಿಷಕ್ಕೆ ಎರಡು ಸೆಕೆಂಡು ಕಡಿಮೆ! ಕಾರಣವೇನು? ಕಣ್ಣಿಗೆ ದಿಗಂತ ಕಾಣದಾದಾಗ ಕಿವಿಯೊಳಗಿನ ಸಮತೋಲದ ಅಂಗ ಮೋಸ ಹೋಗುತ್ತದೆ. ವಿಮಾನ ಒಂದು ಬದಿಗೆ ವಾಲಿ ಸುರುಳಿಯಾಗಿ ಕೆಳಗಿಳಿಯುತ್ತಿದ್ದರೂ 'ನಾನು ನೆಟ್ಟಗೇ ಹೋಗುತ್ತಿದ್ದೇನೆ' ಎಂದು ದೇಹ ಹೇಳುತ್ತದೆ. ಉಪಕರಣ ಬೇರೆ ಹೇಳುತ್ತದೆ. ಆ ಹೊತ್ತಿನಲ್ಲಿ ಮನುಷ್ಯ ನಂಬುವುದು ತನ್ನ ದೇಹವನ್ನು. ಆ ಪ್ರಯೋಗ ಮಾಡಿದವರ ಉದ್ದೇಶ ಮಾತ್ರ ಅವರನ್ನು ಸೋಲಿಸುವುದಾಗಿರಲಿಲ್ಲ. ಮೋಡಕ್ಕೆ ಸಿಕ್ಕಿಕೊಂಡವನು ನಿಧಾನವಾಗಿ ತಿರುಗಿ ಬಂದ ದಾರಿಗೇ ವಾಪಸಾಗುವ ಒಂದು ಸರಳ ಕ್ರಮವನ್ನು ಅವರಿಗೆ ಕಲಿಸಿದರು. ಕಲಿತ ಮೇಲೆ ಬಹುತೇಕ ಎಲ್ಲ ಯತ್ನಗಳಲ್ಲೂ ಅವರು ಸುರಕ್ಷಿತವಾಗಿ ಹಿಂದಿರುಗಿದರು. ಪವಿತ್ರ ಗ್ರಂಥದ ಹೀಬ್ರೂ ಭಾಷೆಯಲ್ಲಿ ಪಶ್ಚಾತ್ತಾಪಕ್ಕೆ ಇರುವ ಪದದ ಮೂಲ ಅರ್ಥವೂ ಅದೇ: ತಿರುಗಿ ಬರುವುದು.

ಆತ್ಮಸಾಕ್ಷಿಯನ್ನು ಕುರಿತು ಮಾತಾಡುವಾಗ 'ನನ್ನ ಮನಸ್ಸಿಗೆ ಸರಿ ಅನ್ನಿಸಿತು' ಎಂಬ ಮಾತನ್ನು ಬಹಳ ಕೇಳುತ್ತೇವೆ. ಸರಿ ಅನ್ನಿಸುವುದಕ್ಕೂ ಸರಿಯಾಗಿರುವುದಕ್ಕೂ ಇರುವ ಅಂತರ ಆ 178 ಸೆಕೆಂಡುಗಳಲ್ಲಿದೆ. ಆತ್ಮಸಾಕ್ಷಿಯನ್ನು ರೂಪಿಸಿಕೊಳ್ಳಬೇಕು ಎಂದು ಧರ್ಮಸಭೆ ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಈಗ ನಮ್ಮದೇ ನಾಡಿನ ನೋವಿಗೆ ಬರೋಣ. 2010ರ ಮೇ 22 ಎಂದರೆ ಕರಾವಳಿಯ ಅನೇಕ ಮನೆಗಳಿಗೆ ಬೇರೇನೂ ವಿವರಿಸಬೇಕಾಗಿಲ್ಲ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬೆಳಿಗ್ಗೆ ಆರು ಗಂಟೆ ದಾಟಿದ ಹೊತ್ತಿಗೆ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯಲ್ಲಿ ಇಳಿದು, ಅದರ ಅಂಚನ್ನು ದಾಟಿ ಕಮರಿಗೆ ಬಿತ್ತು. 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ಉಳಿದವರು ಎಂಟೇ ಮಂದಿ. ರಜೆಗೆಂದು ಬಂದವರು, ಮದುವೆಗೆಂದು ಬಂದವರು, ಸಾವಿನ ಮನೆಗೆಂದು ಹೊರಟವರು, ಎಲ್ಲ ಧರ್ಮದವರೂ ಅದರಲ್ಲಿದ್ದರು. ಆ ಪೈಲಟ್‌ಗಳೂ ತೀರಿಕೊಂಡರು. ಸತ್ತವರ ಮೇಲೆ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ, ಆ ತೀರ್ಪು ಸರ್ವೇಶ್ವರನದು. ಆದರೆ ಏನು ನಡೆಯಿತು ಎಂಬುದು ದಾಖಲೆಯಲ್ಲಿದೆ, ಅದನ್ನು ಓದುವುದು ಬದುಕಿರುವವರ ಕರ್ತವ್ಯ.

ನಿವೃತ್ತ ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ನೇತೃತ್ವದ ವಿಚಾರಣಾ ನ್ಯಾಯಾಲಯ ಆ ದಿನದ ಕಾಕ್‌ಪಿಟ್ ಧ್ವನಿಮುದ್ರಿಕೆಯನ್ನು ಕೇಳಿತು. ಎರಡು ಗಂಟೆಗೂ ಸ್ವಲ್ಪ ಹೆಚ್ಚಿನ ಆ ಮುದ್ರಿಕೆಯಲ್ಲಿ ಒಂದೂವರೆ ಗಂಟೆಗಿಂತ ಹೆಚ್ಚು ಕಾಲ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಅಂದು ಮಂಗಳೂರಿನ ರೇಡಾರ್ ಕೆಲಸ ಮಾಡುತ್ತಿರಲಿಲ್ಲ, ಹೀಗಾಗಿ ವಿಮಾನ ತಡವಾಗಿ ಇಳಿಯಲು ತೊಡಗಿತು. ಬರಬೇಕಾದ ಎತ್ತರಕ್ಕಿಂತ ಬಹಳ ಮೇಲೇ ಇತ್ತು. ಮೇಲಿನಿಂದ ಕಡಿದಾಗಿ ಇಳಿದು ಬರುತ್ತಿರುವಾಗ ಸಹಪೈಲಟ್ 'ಗೋ ಅರೌಂಡ್' ಎಂದು ಮೂರು ಸಲ ಹೇಳಿದರು. ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರೋಣ, ಒಂದು ಸುತ್ತು ಹಾಕಿ ಬರೋಣ ಎಂದು. ಯಂತ್ರವೂ ಎಚ್ಚರಿಸಿತು. ಕ್ಯಾಪ್ಟನ್ ಇಳಿಸಿದರು. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ಹಿಂದೆ ಬಿದ್ದ ಮೇಲೆ ಚಕ್ರಗಳು ನೆಲ ಮುಟ್ಟಿದವು. ಆಗಲಾದರೂ ಪೂರ್ತಿ ಬ್ರೇಕ್ ಹಾಕಿ, ಎಂಜಿನ್ನುಗಳ ಹಿಮ್ಮುಖ ಬಲವನ್ನು ಪೂರ್ತಿ ಬಳಸಿದ್ದರೆ ವಿಮಾನ ನಿಲ್ಲಬಹುದಿತ್ತು ಎಂದು ವರದಿ ಹೇಳುತ್ತದೆ. ಆದರೆ ಬ್ರೇಕ್ ಹಾಕಿದ ಕೆಲವೇ ಸೆಕೆಂಡುಗಳಲ್ಲಿ ಅವರು ಮತ್ತೆ ಮೇಲೇರಲು ಹೊರಟರು.

ಇದು ಐದರಲ್ಲಿ ಯಾವ ಮನೋಭಾವ? ಒಂದೇ ಹೆಸರಿನ ಚೀಟಿ ಅಂಟಿಸಲು ನನಗೆ ಧೈರ್ಯವಾಗುವುದಿಲ್ಲ. ಗಾಢ ನಿದ್ದೆಯಿಂದ ಎದ್ದವನ ಮಂಕು ಅದರಲ್ಲಿದೆ, ವರದಿಯೂ ಅದನ್ನು ಹೇಳಿದೆ. 10,000 ಗಂಟೆಗಿಂತ ಹೆಚ್ಚು ಹಾರಿದವನ ಮನಸ್ಸಿನಲ್ಲಿ 'ನನಗೇನಾಗುತ್ತದೆ' ಎಂಬುದು ಇದ್ದಿರಬಹುದು, ಇಲ್ಲದಿರಲೂಬಹುದು. ಕೊನೆಯ ಗಳಿಗೆಯ ಆ ತಿರುವಿನಲ್ಲಿ ಮಾತ್ರ ದುಡುಕು ಕಾಣುತ್ತದೆ. ಮನೋಭಾವಗಳ ಪಟ್ಟಿಯನ್ನು ಬೇರೆಯವರ ಮೇಲೆ ಹಿಡಿದು ನೋಡಲು ಹೊರಟರೆ ಅದು ಇಷ್ಟೇ ಕೆಲಸಕ್ಕೆ ಬರುವುದು. ಅದನ್ನು ಮಾಡಿರುವುದು ತನ್ನ ಮೇಲೆ ಹಿಡಿದುಕೊಳ್ಳಲು.

ಹತ್ತು ವರ್ಷಗಳ ನಂತರ, 2020ರ ಆಗಸ್ಟ್ 7ರ ಮಳೆಯ ಸಂಜೆ, ಕೋಯಿಕ್ಕೋಡಿನಲ್ಲಿ ಅದೇ ಸಂಸ್ಥೆಯ ಇನ್ನೊಂದು ವಿಮಾನ ಅಂಥದೇ ಗುಡ್ಡದ ಮೇಲಿನ ರನ್‌ವೇಯನ್ನು ದಾಟಿ ಕೆಳಗೆ ಬಿದ್ದು 21 ಮಂದಿ ತೀರಿಕೊಂಡರು. ಅಲ್ಲಿಯೂ ವಿಮಾನ ಬಹಳ ಮುಂದಕ್ಕೆ ಹೋಗಿ ನೆಲ ಮುಟ್ಟಿತು. ಅಲ್ಲಿಯೂ ಪಕ್ಕದಲ್ಲಿದ್ದವರು 'ಗೋ ಅರೌಂಡ್' ಎಂದಿದ್ದರು. ಮರುದಿನ ಬೆಳಿಗ್ಗೆ ಅಲ್ಲಿಂದಲೇ ಇನ್ನೊಂದು ವಿಮಾನ ನಡೆಸಬೇಕಾಗಿದ್ದುದು ಕ್ಯಾಪ್ಟನ್ನರ ಮನಸ್ಸನ್ನು ಒತ್ತಿತ್ತು ಎಂದು ತನಿಖೆ ಹೇಳಿತು. ಪಕ್ಕದ ಸೀಟಿನ ಧ್ವನಿ ಎರಡು ಕಡೆಯೂ ಸರಿಯಾಗಿತ್ತು. ಎರಡು ಕಡೆಯೂ ಅದು ಕಿರಿಯನ ಧ್ವನಿಯಾಗಿತ್ತು.

ಸಂತ ತೋಮಸ್ ಅಕ್ವಿನಾಸರು 13ನೆಯ ಶತಮಾನದಲ್ಲಿ ವಿವೇಕವೆಂಬ ಸದ್ಗುಣವನ್ನು ಕುರಿತು ಬರೆಯುವಾಗ ಅದಕ್ಕೆ ವಿರುದ್ಧವಾದ ದುಡುಕನ್ನು ಒಂದು ಚಿತ್ರದಿಂದ ವಿವರಿಸುತ್ತಾರೆ. ಎತ್ತರದಿಂದ ಕೆಳಗೆ ಬರಬೇಕಾದವನು ಒಂದೊಂದೇ ಮೆಟ್ಟಿಲಿಳಿದು ಬರಬೇಕು. ಮೆಟ್ಟಿಲು ಬಿಟ್ಟು ಧುಮುಕುವವನು ತಲೆಕೆಳಗಾಗಿ ಬೀಳುತ್ತಾನೆ. ಎತ್ತರವೆಂದರೆ ಬುದ್ಧಿ, ನೆಲವೆಂದರೆ ನಾವು ಮಾಡುವ ಕ್ರಿಯೆ. ನಡುವಿನ ಮೆಟ್ಟಿಲುಗಳನ್ನೂ ಅವರು ಹೆಸರಿಸುತ್ತಾರೆ: ಹಿಂದೆ ಆದದ್ದರ ನೆನಪು, ಈಗ ಇರುವುದರ ಅರಿವು, ಮುಂದೆ ಬರುವುದನ್ನು ಚುರುಕಾಗಿ ಊಹಿಸುವುದು, ಒಂದನ್ನೊಂದರ ಜೊತೆ ಹೋಲಿಸಿ ತರ್ಕಿಸುವುದು, ಮತ್ತು ಇತರರ ಬುದ್ಧಿಮಾತಿಗೆ ಕಿವಿಗೊಡುವ ವಿಧೇಯ ಮನಸ್ಸು. ವಿಮಾನವನ್ನೇ ಕಾಣದ ಸಂತರು ಬರೆದದ್ದು ಇದು. ಸೆಮಿನರಿಯಲ್ಲಿ ಓದುವಾಗ ಇದು ಒಣ ಪಾಠದಂತೆ ಕಾಣುತ್ತದೆ. ಬಜ್ಪೆಯ ವರದಿಯ ಪಕ್ಕದಲ್ಲಿಟ್ಟು ಓದಿದರೆ ಹಾಗೆ ಕಾಣುವುದಿಲ್ಲ. ಎಷ್ಟು ತಿಳಿದವನಾದರೂ ಒಬ್ಬನಿಗೆ ಎಲ್ಲವೂ ತಿಳಿಯುವುದಿಲ್ಲ, ಇನ್ನೊಬ್ಬರಿಂದ ಕಲಿಯಲೇಬೇಕು ಎಂದು ತೋಮಸರು ಬೇರೊಂದು ಕಡೆ ಒತ್ತಿ ಹೇಳಿದ್ದಾರೆ.

ಹಳೆಯ ಒಡಂಬಡಿಕೆಯ ನಾಮಾನನನ್ನು ನೆನೆಯಿರಿ. ದೊಡ್ಡ ಸೇನಾಪತಿ, ಕುಷ್ಠರೋಗಿ. ಜೋರ್ಡನ್ ನದಿಯಲ್ಲಿ ಏಳು ಸಲ ಮುಳುಗು ಎಂಬ ಪ್ರವಾದಿ ಎಲೀಷನ ಮಾತು ಅವನಿಗೆ ಅವಮಾನವೆನಿಸಿತು. ಸಿಟ್ಟಿನಿಂದ ಹೊರಟೇಬಿಟ್ಟ. ಅವನನ್ನು ತಿರುಗಿಸಿದ್ದು ಯಾರು? ಅವನ ಆಳುಗಳು. ಮೆಲ್ಲಗೆ, ಗೌರವದಿಂದ ಅವರಾಡಿದ ಮಾತಿಗೆ ಸೇನಾಪತಿ ಕಿವಿಗೊಟ್ಟ, ಗುಣವಾದ. ಆಳುಗಳ ಧೈರ್ಯ ದೊಡ್ಡದೋ, ಒಡೆಯನ ವಿನಯ ದೊಡ್ಡದೋ ಹೇಳಲಾಗದು. ಕಾಕ್‌ಪಿಟ್ಟಿನಲ್ಲಿ ಎರಡೂ ಬೇಕು.

ಇದನ್ನು ವಿಮಾನಯಾನ ಕಲಿತದ್ದು ದೊಡ್ಡ ಬೆಲೆ ತೆತ್ತು. 1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಮೇಲೆ ಯುನೈಟೆಡ್ ಏರ್‌ಲೈನ್ಸಿನ ವಿಮಾನವೊಂದು ಚಕ್ರಗಳ ತೊಂದರೆಯಿಂದಾಗಿ ಸುಮಾರು ಒಂದು ಗಂಟೆ ಸುತ್ತುತ್ತಿತ್ತು. ಕ್ಯಾಪ್ಟನ್ನರ ಗಮನವೆಲ್ಲ ಚಕ್ರಗಳ ಮೇಲೆ. ಇಂಧನ ಇಳಿಯುತ್ತಿರುವುದು ಜೊತೆಗಿದ್ದವರಿಗೆ ಕಂಡಿತ್ತು, ಸೂಚ್ಯವಾಗಿ ಹೇಳಿಯೂ ಇದ್ದರು. ಗಟ್ಟಿಯಾಗಿ ಹೇಳಲಿಲ್ಲ. ಇಂಧನ ಮುಗಿದು ವಿಮಾನ ಬಿತ್ತು, 10 ಮಂದಿ ಸತ್ತರು. ಮರುವರ್ಷ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಈ ಬಗ್ಗೆ ಒಂದು ಕಾರ್ಯಾಗಾರ ನಡೆಸಿತು. 1981ರಲ್ಲಿ ಅದೇ ಯುನೈಟೆಡ್ ಸಂಸ್ಥೆ ತನ್ನ ಪೈಲಟ್‌ಗಳಿಗೆ ಒಬ್ಬರ ಮಾತನ್ನು ಒಬ್ಬರು ಕೇಳುವ, ಹೇಳಬೇಕಾದುದನ್ನು ನೇರವಾಗಿ ಹೇಳುವ ತರಬೇತಿಯನ್ನು ಶುರುಮಾಡಿತು.

ಅದರ ಫಲವನ್ನು ಮುಂದೆ ನೋಡುವಿರಿ. ಅದಕ್ಕೆ ಮುನ್ನ ಐದು ಮನೋಭಾವಗಳಲ್ಲಿ ನಮ್ಮವರಿಗೆ ಅತಿ ಮೋಸದ್ದೆಂದು ನನಗೆ ತೋರುವ ಎರಡರ ಬಗ್ಗೆ ಒಂದು ಮಾತು. 'ನನಗೇನೂ ಆಗದು' ಎನ್ನುವುದೂ 'ಏನು ಮಾಡಿ ಏನು ಫಲ' ಎನ್ನುವುದೂ ಒಂದಕ್ಕೊಂದು ವಿರುದ್ಧವಾದವೆಂದು ಕಾಣುತ್ತದೆ. ದೈವಶಾಸ್ತ್ರದಲ್ಲಿ ಅವೆರಡೂ ಅಕ್ಕಪಕ್ಕದ ಮನೆಯವು. ನಿರೀಕ್ಷೆಯೆಂಬ ಸದ್ಗುಣದ ವಿರುದ್ಧ ಮಾಡುವ ಎರಡು ಪಾಪಗಳಿವೆ: ಒಂದು, ದೇವರು ಹೇಗಿದ್ದರೂ ಕಾಯುತ್ತಾನೆಂಬ ಅತಿವಿಶ್ವಾಸ, ಇನ್ನೊಂದು ನಿರಾಶೆ. ಎರಡರಲ್ಲೂ ಮನುಷ್ಯ ತನ್ನ ಪಾಲಿನ ಕೆಲಸವನ್ನು ಬಿಟ್ಟುಬಿಡುತ್ತಾನೆ. ಸೈತಾನನು ಪ್ರಭು ಯೇಸುವನ್ನು ದೇವಾಲಯದ ತುದಿಗೆ ಕರೆದೊಯ್ದು, ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಎಂದು ಪುಸಲಾಯಿಸಿದ್ದೂ ಭಕ್ತಿಯ ಮಾತಿನಲ್ಲೇ. ಪ್ರಭು ಧುಮುಕಲಿಲ್ಲ. ವಾಹನದ ಕನ್ನಡಿಗೆ ಜಪಸರ ತೂಗುಹಾಕಿ, ಕಣ್ಣು ಮುಚ್ಚುತ್ತಿದ್ದರೂ ಓಡಿಸುವ ನಮ್ಮ ಯುವಕರು ಈ ಶೋಧನೆಯನ್ನು ಸ್ವಲ್ಪ ಧ್ಯಾನಿಸಲಿ. ಹಾಗೆಯೇ 'ದೇವರಿಟ್ಟ ಹಾಗಾಗುತ್ತದೆ' ಎಂದು ಕೈಕಟ್ಟಿ ಕೂರುವುದಕ್ಕೂ ದೈವಚಿತ್ತಕ್ಕೆ ಶರಣಾಗುವುದಕ್ಕೂ ಹೆಸರಿನಲ್ಲಿ ಮಾತ್ರ ಹೋಲಿಕೆ.

1989ರ ಜುಲೈ 19. ಅದೇ ಯುನೈಟೆಡ್ ಸಂಸ್ಥೆಯ ದೊಡ್ಡ ವಿಮಾನವೊಂದರ ಹಿಂಬದಿಯ ಎಂಜಿನ್ ಆಕಾಶದಲ್ಲೇ ಒಡೆದು ಅದರ ಚೂರುಗಳು ವಿಮಾನವನ್ನು ತಿರುಗಿಸುವ ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳನ್ನು ಕಡಿದುಹಾಕಿದವು. ಇಂಥದಕ್ಕೆ ಯಾವ ಕೈಪಿಡಿಯಲ್ಲೂ ಪರಿಹಾರ ಬರೆದಿರಲಿಲ್ಲ. ಹಿಡಿಕೆ ತಿರುಗಿಸಿದರೆ ವಿಮಾನ ಕೇಳುತ್ತಿರಲಿಲ್ಲ. ಕ್ಯಾಪ್ಟನ್ ಅಲ್ ಹೇನ್ಸ್ ಕೈಚೆಲ್ಲಲಿಲ್ಲ, ತಾನೊಬ್ಬನೇ ಮಾಡಿ ತೋರಿಸುತ್ತೇನೆ ಎನ್ನಲೂ ಇಲ್ಲ. ಪ್ರಯಾಣಿಕನಾಗಿ ಹಿಂದೆ ಕುಳಿತಿದ್ದ ಒಬ್ಬ ತರಬೇತಿ ಪೈಲಟ್ ಸಹಾಯಕ್ಕೆ ಬರುತ್ತೇನೆಂದಾಗ ಒಳಗೆ ಕರೆದುಕೊಂಡರು. ಉಳಿದಿದ್ದ ಎರಡು ಎಂಜಿನ್ನುಗಳ ವೇಗವನ್ನು ಒಂದರದು ಏರಿಸಿ ಇನ್ನೊಂದರದು ಇಳಿಸಿ, ಎಲ್ಲರೂ ಸೇರಿ ಆ ವಿಮಾನವನ್ನು ಸೂ ಸಿಟಿಯ ರನ್‌ವೇಗೆ ತಂದರು. ಅದು ನೆಲಕ್ಕೆ ಬಡಿದು ಒಡೆಯಿತು, 112 ಮಂದಿ ಸತ್ತರು. ಆದರೆ 296 ಮಂದಿಯಲ್ಲಿ 184 ಮಂದಿ ಬದುಕಿದರು. ಆ ತರಬೇತಿ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲವೆಂದು ಹೇನ್ಸರು ಮುಂದೆ ಹೋದಲ್ಲೆಲ್ಲ ಹೇಳುತ್ತಿದ್ದರು.

ಇದನ್ನು ಓದುವಾಗ ಪ್ರೇಷಿತರ ಕಾರ್ಯಕಲಾಪಗಳ 27ನೆಯ ಅಧ್ಯಾಯ ನೆನಪಾಗದಿರುವುದು ಸಾಧ್ಯವಿಲ್ಲ. ಸಂತ ಪೌಲರು ಸೆರೆಯಾಳಾಗಿ ರೋಮಿಗೆ ಹೊರಟ ಹಡಗು ಕ್ರೇಟ್ ದ್ವೀಪದ ಒಂದು ಬಂದರಿನಲ್ಲಿದೆ. ಸಮುದ್ರಯಾನದ ಕಾಲ ಮೀರಿದೆ. ಹೊರಟರೆ ಸರಕಿಗೂ ಪ್ರಾಣಕ್ಕೂ ಹಾನಿ ಎಂದು ಪೌಲರು ಎಚ್ಚರಿಸುತ್ತಾರೆ. ಶತಾಧಿಪತಿ ಕೇಳಿದ್ದು ಹಡಗಿನ ಚಾಲಕನ ಮತ್ತು ಯಜಮಾನನ ಮಾತನ್ನು. ಸ್ವಾಭಾವಿಕವೇ, ತಿಳಿದವರು ಅವರಲ್ಲವೇ? ಆ ಬಂದರು ಚಳಿಗಾಲ ಕಳೆಯಲು ಅನುಕೂಲವಾಗಿರಲಿಲ್ಲ. ಇನ್ನೊಂದು ಒಳ್ಳೆಯ ಬಂದರು ಸ್ವಲ್ಪವೇ ಮುಂದಿತ್ತು. ಹೆಚ್ಚಿನವರು ಹೋಗೋಣ ಎಂದರು. ಅಷ್ಟರಲ್ಲಿ ದಕ್ಷಿಣದ ತಂಗಾಳಿ ಮೆಲ್ಲಗೆ ಬೀಸಿತು, ತಾವೆಣಿಸಿದ್ದು ಕೈಗೂಡಿತೆಂದು ಲಂಗರು ಎತ್ತಿದರು. ಪೈಲಟ್‌ಗಳ ಶಾಲೆಯಲ್ಲಿ ಕಲಿಸುವ ಎಲ್ಲವೂ ಈ ನಾಲ್ಕು ಸಾಲಿನಲ್ಲಿದೆ: ಗುರಿ ಹತ್ತಿರವಿದೆ, ಜೊತೆಯವರು ಒತ್ತುತ್ತಿದ್ದಾರೆ, ಎಚ್ಚರಿಕೆ ಹೇಳಿದವನಿಗೆ ಸ್ಥಾನವಿಲ್ಲ, ಹವೆ ಒಂದು ಗಳಿಗೆ ಮೋಸಮಾಡಿ ನಗುತ್ತದೆ.

ಬಿರುಗಾಳಿ ಬಂತು. ಅನೇಕ ದಿನ ಸೂರ್ಯ ನಕ್ಷತ್ರಗಳೇ ಕಾಣಲಿಲ್ಲ. ಬದುಕುವ ಆಸೆಯನ್ನು ಎಲ್ಲರೂ ಬಿಟ್ಟರು. ಆಗ ಪೌಲರು ನಡುವೆ ನಿಂತು ಧೈರ್ಯ ಹೇಳಿದರು. ದೇವರು ಎಲ್ಲರನ್ನೂ ಉಳಿಸುವರೆಂಬ ವಾಗ್ದಾನ ಅವರಿಗೆ ಸಿಕ್ಕಿತ್ತು. ಆದರೂ ಅವರು ಸುಮ್ಮನಿರಲಿಲ್ಲ ಎಂಬುದನ್ನು ಗಮನಿಸಿ. ನಾವಿಕರು ಸಣ್ಣ ದೋಣಿಯಲ್ಲಿ ತಪ್ಪಿಸಿಕೊಳ್ಳಲು ನೋಡಿದಾಗ, ಇವರಿಲ್ಲದೆ ನೀವು ಉಳಿಯುವುದಿಲ್ಲ ಎಂದು ಶತಾಧಿಪತಿಗೆ ಹೇಳಿದರು. ಸೈನಿಕರು ದೋಣಿಯ ಹಗ್ಗ ಕಡಿದರು. ಹದಿನಾಲ್ಕು ದಿನ ಸರಿಯಾಗಿ ಉಣ್ಣದವರಿಗೆ ಊಟ ಮಾಡಿಸಿದರು. ಹಡಗು ಒಡೆಯಿತು, 276 ಮಂದಿಯೂ ಮಾಲ್ಟಾದ ದಡ ಸೇರಿದರು. ಈ ಕಥೆಯಲ್ಲಿ ನನಗೆ ಹಿಡಿಸುವ ವ್ಯಕ್ತಿ ಆ ಶತಾಧಿಪತಿ. ಕ್ರೇಟಿನಲ್ಲಿ ಪೌಲರ ಮಾತು ಕೇಳದವನು ಬಿರುಗಾಳಿಯಲ್ಲಿ ಕೇಳಿದ. 'ಮೊದಲೇ ಕೇಳಲಿಲ್ಲ, ಈಗ ಕೇಳಿದರೆ ನನ್ನ ಮರ್ಯಾದೆ ಏನಾಗುತ್ತದೆ?' ಎಂದುಕೊಂಡಿದ್ದರೆ ಆ ಅಧ್ಯಾಯ ಬೇರೆಯಾಗಿ ಮುಗಿಯುತ್ತಿತ್ತು.

ಮತ್ತೆ ನಮ್ಮ ಪರೀಕ್ಷೆಗೆ ಬರೋಣ. ಪ್ರತಿ ಪ್ರಶ್ನೆಯಲ್ಲಿ 1, 2, 3, 4, 5 ಎಂದು ಅಂಕೆ ಹಾಕಿದರೆ ಮೊತ್ತ 15. ಹತ್ತು ಪ್ರಶ್ನೆಗೆ 150. ಅನುಭವಿಯಾಗಲಿ ಹೊಸಬನಾಗಲಿ, ಸಂತನಾಗಲಿ ಪುಂಡನಾಗಲಿ, ಎಲ್ಲರ ಮೊತ್ತವೂ 150ೇ! 2005ರಲ್ಲಿ ಡೇವಿಡ್ ಹಂಟರ್ ಎಂಬ ಅಮೆರಿಕದ ಸಂಶೋಧಕರು ಇದೇ ಬಗೆಯ ದೋಷವನ್ನು ಎತ್ತಿ ತೋರಿಸಿದರು. ಈ ಪರೀಕ್ಷೆಯಿಂದ ಒಬ್ಬ ಪೈಲಟನ್ನು ಇನ್ನೊಬ್ಬನ ಜೊತೆ ಹೋಲಿಸಲಾಗದು, ಅದಕ್ಕೆ 'ಒಪ್ಪುತ್ತೇನೆ, ಒಪ್ಪುವುದಿಲ್ಲ' ಎಂದು ಅಳೆಯುವ ಬೇರೆ ಪ್ರಶ್ನಾವಳಿಯೇ ವಾಸಿ ಎಂದರು. ವಿಜ್ಞಾನದ ದೃಷ್ಟಿಯಿಂದ ಅವರ ಮಾತು ಸರಿ. ಆದರೆ ಆತ್ಮಶೋಧನೆಯ ದೃಷ್ಟಿಯಿಂದ ಆ ದೋಷವೇ ನನಗೆ ಗುಣವಾಗಿ ಕಾಣುತ್ತದೆ. ದೇವಾಲಯಕ್ಕೆ ಪ್ರಾರ್ಥನೆಗೆ ಹೋದ ಫರಿಸಾಯನ ಕೈಗೆ ಈ ಪರೀಕ್ಷೆಯನ್ನು ಕೊಟ್ಟಿದ್ದರೆ ಪಾಪ, ಅವನಿಗೆ ಬಹಳ ಕಷ್ಟವಾಗುತ್ತಿತ್ತು. ಹಿಂದೆ ನಿಂತಿದ್ದ ಸುಂಕದವನಿಗಿಂತ ತಾನು ಮೇಲೆಂದು ತೋರಿಸುವ ಅಂಕವೇ ಇದರಲ್ಲಿಲ್ಲ. ನಿನ್ನೊಳಗೆ ಐದು ಬಾಗಿಲುಗಳಿವೆ, ಅವುಗಳಲ್ಲಿ ಅಗುಳಿ ಸಡಿಲವಾಗಿರುವುದು ಯಾವುದು? ಅಷ್ಟನ್ನೇ ಇದು ಕೇಳುತ್ತದೆ.

ಪಾಪನಿವೇದನೆಗೆ ಸಿದ್ಧರಾಗುವಾಗ ನಾವು ಮಾಡಿದ ತಪ್ಪುಗಳನ್ನು ಎಣಿಸುತ್ತೇವೆ. ಅದು ಬೇಕು. ಆದರೆ ಆ ತಪ್ಪುಗಳಿಗೆ ಮುನ್ನ ಮನಸ್ಸು ಹೇಳಿಕೊಟ್ಟ ನೆಪಗಳನ್ನು ಎಣಿಸುವುದು ಅಪರೂಪ. ಆದಾಮನು ಹಣ್ಣು ತಿಂದ ಮೇಲೆ ಹವ್ವಳನ್ನು ತೋರಿಸಿದ, ಹವ್ವಳು ಸರ್ಪವನ್ನು ತೋರಿಸಿದಳು. ತಪ್ಪುಗಳು ದಿನಕ್ಕೊಂದು ಬಗೆಯಾಗಿರಬಹುದು, ನೆಪ ಮಾತ್ರ ಸಾಮಾನ್ಯವಾಗಿ ಅದೇ ಹಳೆಯದು. ಅದಕ್ಕೇ ಅದನ್ನು ನೆಲದ ಮೇಲಿರುವಾಗಲೇ ಗುರುತಿಸಿಕೊಂಡಿರು ಎಂದು ಪೈಲಟ್‌ಗಳಿಗೆ ಹೇಳುವುದು. ಮೋಡದೊಳಗೆ ಹೊಕ್ಕ ಮೇಲೆ ಅದು ನೆಪವಾಗಿ ಕಾಣುವುದಿಲ್ಲ, ಕಾರಣವಾಗಿಯೇ ಕಾಣುತ್ತದೆ.

ನಿಮ್ಮ ಮನೆಗಾಗಿ ಒಂದು ಪ್ರಶ್ನೆ. ಹಾಸನದಲ್ಲಿ ಮದುವೆ ಮುಗಿಸಿ ಕುಟುಂಬದೊಡನೆ ಮಂಗಳೂರಿಗೆ ಹೊರಟಿದ್ದೀರಿ. ರಾತ್ರಿ ಹನ್ನೊಂದೂವರೆ, ಜಿಟಿಜಿಟಿ ಮಳೆ, ಮುಂದೆ ಶಿರಾಡಿ ಘಾಟಿ. ನಿಮಗೆ ಎರಡು ಸಲ ತೂಕಡಿಕೆ ಬಂದದ್ದನ್ನು ಪಕ್ಕದಲ್ಲಿ ಕುಳಿತ ಪತ್ನಿ ನೋಡಿದ್ದಾರೆ. 'ರೀ, ಸಕಲೇಶಪುರದಲ್ಲೇ ಎಲ್ಲಾದರೂ ಉಳಿದು ಬೆಳಿಗ್ಗೆ ಹೋಗೋಣ' ಎಂದರು. ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿದ್ದಾರೆ. ನೀವು ಗಾಡಿ ನಿಲ್ಲಿಸಲಿಲ್ಲ. ಏಕೆ? 'ಗಾಡಿ ಓಡಿಸುವುದು ನಾನು, ಹೇಳುವುದಕ್ಕೆ ಅವಳು ಯಾರು?' 'ಮಾತು ಬೆಳೆಸುವುದಕ್ಕಿಂತ ಬೇಗ ಹೋಗಿ ಮುಟ್ಟುವುದೇ ಲೇಸು.' 'ಈ ಘಾಟಿಯನ್ನು ನೂರು ಸಲ ಇಳಿದಿದ್ದೇನೆ, ಏನಾಗಿದೆ?' 'ಭಾವಂದಿರೆಲ್ಲ ರಾತ್ರಿಯೇ ಹೋದರು, ನಾನೇನು ಅವರಿಗಿಂತ ಕಮ್ಮಿಯೇ?' 'ಹಣೆಯಲ್ಲಿ ಬರೆದದ್ದು ಮನೆಯಲ್ಲಿ ಮಲಗಿದ್ದರೂ ತಪ್ಪುವುದಿಲ್ಲ.'

ಒಂದು ಚೀಟಿಯಲ್ಲಿ ಇವಕ್ಕೆ 1ರಿಂದ 5ರವರೆಗೆ ಅಂಕೆ ಹಾಕಿ ಮಡಿಸಿಡಿ. ಇಂತಹ ಪರೀಕ್ಷೆಗಳಲ್ಲಿ ಜನ ತಮಗೆ ಶೋಭಿಸುವ ಉತ್ತರವನ್ನೇ ಬರೆಯುತ್ತಾರೆಂಬ ದೂರು ಇದ್ದೇ ಇದೆ. ಆದ್ದರಿಂದ ಇನ್ನೊಂದು ಚೀಟಿಯನ್ನು ನಿಮ್ಮ ಪತ್ನಿಗೆ ಕೊಟ್ಟು, ನಿಮ್ಮ ಪರವಾಗಿ ಅಂಕೆ ಹಾಕಲು ಹೇಳಿ. ಗಾಡಿ ಓಡಿಸುವವರು ಪತ್ನಿಯಾದರೆ ಆ ಚೀಟಿ ಪತಿಯ ಕೈಗೆ ಹೋಗಲಿ. ಊಟದ ನಂತರ, ಮಕ್ಕಳು ಮಲಗಿದ ಮೇಲೆ, ಎರಡು ಚೀಟಿಗಳನ್ನೂ ಬಿಚ್ಚಿ ಅಕ್ಕಪಕ್ಕ ಇಟ್ಟು ನೋಡಿ.